‘ಎಲ್ಲರೂ’ ಎಂದಾಗ ಬಿಟ್ಟುಹೋಗುವವರು



ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ, “ಸರ್, ಒಂದು ಸಂದೇಹ” ಎಂದ. ನನಗೆ ಒಳಗೊಳಗೇ ನಗು ಬಂತು. ಹತ್ತನೆಯ ತರಗತಿಯ ಕೊನೆಯ ಬೆಂಚಿನಿಂದ ಇದೇ ದನಿಯಲ್ಲಿ ಬರುತ್ತಿದ್ದ ಅವನ ಸಂದೇಹಗಳು ಎಷ್ಟೋ ಬಾರಿ ನನ್ನ ಪಾಠದ ಗಾಡಿಯನ್ನು ಹಳಿ ತಪ್ಪಿಸಿದ್ದುಂಟು. ಈ ಸಲವೂ ಹಾಗೆಯೇ ಆಯಿತು.

ವಿಷಯ ಇಷ್ಟೆ. ಅವನ ಮಗಳು ಓದುವ ಪ್ರೌಢಶಾಲೆಯ ಕಾರ್ಯಕ್ರಮವೊಂದರಲ್ಲಿ ‘ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೋ ವಿಮೆನ್’ ಎಂಬ ಸಂಸ್ಥೆಯ ಸ್ಥಳೀಯ ಶಾಖೆಯವರು ಕಪ್ಪು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದೇಣಿಗೆ ಕೇಳಿದರಂತೆ. ಇವನು ಕೊಡದೆ ಬಂದ. “ಎಲ್ಲ ಮಕ್ಕಳಿಗೆ ಎಂದಿದ್ದರೆ ಖಂಡಿತ ಕೊಡುತ್ತಿದ್ದೆ ಸರ್. ಕಪ್ಪು ಹೆಣ್ಣುಮಕ್ಕಳಿಗೆ ಮಾತ್ರ ಎಂದರೆ ಅದೂ ಒಂದು ಭೇದವೇ ಅಲ್ಲವೇ? ಎಲ್ಲರೂ ಸಮಾನರು ಎಂದು ನಮಗೆ ಹೇಳಿಕೊಟ್ಟವರು ನೀವೇ ತಾನೇ?” ಎಂದು ಕೇಳಿದ.

ಮೂವತ್ತು ವರ್ಷ ಸಮಾಜ ವಿಜ್ಞಾನ ಬೋಧಿಸಿದವನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. “ಯೋಚಿಸಿ ಹೇಳುತ್ತೇನೆ” ಎಂದು ಕರೆ ಮುಗಿಸಿದೆ. ಆ ಬಳಿಕ ಮಗನ ಸಹಾಯದಿಂದ ಕೆಲವು ಪುಸ್ತಕಗಳನ್ನು ತರಿಸಿಕೊಂಡು ಓದಿದೆ. ನನ್ನ ಪಾಠದಲ್ಲಿ ಅಮೆರಿಕದ ಕಪ್ಪು ಜನರ ಕಥೆ ಲಿಂಕನ್‌ನಿಂದ ಹೊರಟು ಮಾರ್ಟಿನ್ ಲೂಥರ್ ಕಿಂಗ್‌ರಲ್ಲಿ ಮುಗಿದುಹೋಗುತ್ತಿತ್ತು. ಅದರಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ ಎಂಬುದು ಈ ವಯಸ್ಸಿನಲ್ಲಿ ಅರಿವಿಗೆ ಬಂತು. ಆದ್ದರಿಂದ ಈ ಉತ್ತರವನ್ನು ಅವನೊಬ್ಬನಿಗಲ್ಲ, ನನ್ನ ತರಗತಿಯಲ್ಲಿ ಕುಳಿತು ಆ ಅರೆಪಾಠವನ್ನು ಕೇಳಿದ ನಿಮಗೆಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲಿಗೆ ಹೆಸರಿನ ಮಾತು. ‘ನೀಗ್ರೋ’ ಎಂಬ ಪದ ಈಗ ಸಭ್ಯರ ಬಾಯಲ್ಲಿ ಬರುವುದಿಲ್ಲ. ಆದರೆ ಈ ಸಂಸ್ಥೆ ಹುಟ್ಟಿದ 1935ರಲ್ಲಿ ಅದೇ ಗೌರವದ ಪದವಾಗಿತ್ತು. ಇತಿಹಾಸದ ಗುರುತೆಂದು ಅವರು ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಇದನ್ನು ಕಟ್ಟಿದವರು ಮೇರಿ ಮೆಕ್ಲೌಡ್ ಬೆಥೂನ್. ವೃತ್ತಿಯಿಂದ ಅವರೊಬ್ಬ ಶಾಲಾ ಶಿಕ್ಷಕಿ. ಈ ಸಂಗತಿ ತಿಳಿದ ಮೇಲೆ ನಾನು ಪುಸ್ತಕವನ್ನು ಕೆಳಗಿಡಲಿಲ್ಲ ಎಂದರೆ ನೀವು ನಂಬುತ್ತೀರಿ.

ಬೆಥೂನ್ ಹುಟ್ಟಿದ್ದು 1875ರ ಜುಲೈ 10ರಂದು, ದಕ್ಷಿಣ ಕೆರೊಲಿನಾ ರಾಜ್ಯದ ಮೇಯ್ಸ್‌ವಿಲ್ ಎಂಬ ಊರಿನ ಬಳಿ. ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಬೆಳೆದು ಬಿಡುಗಡೆ ಕಂಡವರು. ಹದಿನೇಳು ಮಕ್ಕಳಲ್ಲಿ ಈಕೆ ಹದಿನೈದನೆಯವರು. ಬಾಲ್ಯದ ಒಂದು ಘಟನೆಯನ್ನು ಅವರು ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ತಾಯಿ ಕೆಲಸಕ್ಕೆ ಹೋಗುತ್ತಿದ್ದ ಬಿಳಿಯರ ಮನೆಯಲ್ಲಿ ಮೇರಿ ಕುತೂಹಲದಿಂದ ಒಂದು ಪುಸ್ತಕವನ್ನು ಎತ್ತಿಕೊಂಡಳು. ಆ ಮನೆಯ ಹುಡುಗಿ, ನಿನಗೆ ಓದಲು ಬರುವುದಿಲ್ಲ, ಅದನ್ನು ಕೆಳಗಿಡು ಎಂದಳು. ಆ ದಿನವೇ ಓದು ಕಲಿಯಬೇಕೆಂಬ ಹಟ ಹುಟ್ಟಿತಂತೆ. ಸಮೀಪದಲ್ಲಿ ಮಿಷನ್ ಶಾಲೆಯೊಂದು ತೆರೆದಾಗ ಮೈಲುಗಟ್ಟಲೆ ನಡೆದು ಹೋಗಿ ಕಲಿತಳು. ಸಂಜೆ ಮನೆಗೆ ಬಂದು, ಕಲಿತದ್ದನ್ನು ಮನೆಯವರಿಗೂ ಹೇಳಿಕೊಟ್ಟಳು.

ಮಿಷನರಿಯಾಗಿ ಆಫ್ರಿಕಾಕ್ಕೆ ಹೋಗಬೇಕೆಂಬುದು ಅವರ ಆಸೆಯಾಗಿತ್ತು. ಚರ್ಚಿನವರು ಒಪ್ಪಲಿಲ್ಲ. ಕೊನೆಗೆ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ 1904ರ ಅಕ್ಟೋಬರ್ 3ರಂದು ಕಪ್ಪು ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಕೈಯಲ್ಲಿದ್ದ ಬಂಡವಾಳ ಒಂದೂವರೆ ಡಾಲರ್. ವಿದ್ಯಾರ್ಥಿಗಳು ಐವರು ಹುಡುಗಿಯರು ಮತ್ತು ಅವರ ಸ್ವಂತ ಪುಟ್ಟ ಮಗ. ಮರದ ಪೆಟ್ಟಿಗೆಗಳೇ ಮೇಜು ಕುರ್ಚಿ, ಸುಟ್ಟ ಕಟ್ಟಿಗೆಯ ಇದ್ದಿಲೇ ಪೆನ್ಸಿಲ್, ಕಾಡುಹಣ್ಣಿನ ರಸವೇ ಶಾಯಿ. ಗೆಣಸಿನ ಸಿಹಿತಿಂಡಿ ಮಾಡಿ ಮಾರಿ ಹಣ ಕೂಡಿಸಿದರು. ಊರಿನವರು ಕಸ ಸುರಿಯುತ್ತಿದ್ದ ಜಾಗವನ್ನು ಕೊಂಡು ಕಟ್ಟಡ ಎಬ್ಬಿಸಿದರು. ಆ ಶಾಲೆ ಬೆಳೆದು, 1923ರಲ್ಲಿ ಇನ್ನೊಂದು ಸಂಸ್ಥೆಯೊಂದಿಗೆ ಕೂಡಿ, ಇಂದು ಬೆಥೂನ್–ಕುಕ್‌ಮನ್ ವಿಶ್ವವಿದ್ಯಾನಿಲಯವಾಗಿದೆ. ಬಿ.ಇಡಿ. ಮುಗಿಸಿ, ಸರಕಾರ ಕೊಟ್ಟ ಕರಿಹಲಗೆ, ಸೀಮೆಸುಣ್ಣಗಳಿಂದ ಪಾಠ ಮಾಡಿಯೂ ಸೌಕರ್ಯ ಸಾಲದೆಂದು ಗೊಣಗುತ್ತಿದ್ದ ನನ್ನಂಥವರು ಇದನ್ನು ಓದಿ ತಲೆತಗ್ಗಿಸಬೇಕು.

ಇನ್ನು ಪ್ರಶ್ನೆಗೆ ಬರೋಣ. ಬೆಥೂನ್ 1935ರ ಡಿಸೆಂಬರ್ 5ರಂದು ನ್ಯೂಯಾರ್ಕಿನಲ್ಲಿ ಕಪ್ಪು ಮಹಿಳೆಯರ ಹತ್ತಾರು ಸಂಘಗಳನ್ನು ಒಂದೆಡೆ ಸೇರಿಸಿ ಈ ಕೌನ್ಸಿಲ್ಲನ್ನು ಸ್ಥಾಪಿಸಿದಾಗ ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಸಂಸ್ಥೆಗಳು ಇದ್ದವು, ಮಹಿಳೆಯರ ಸಂಸ್ಥೆಗಳೂ ಇದ್ದವು. ಕಪ್ಪು ಮಹಿಳೆ ಎರಡಕ್ಕೂ ಸೇರಬಹುದಿತ್ತಲ್ಲ, ಮೂರನೆಯದೇಕೆ? ನನ್ನ ಶಿಷ್ಯನ ಸಂದೇಹದ ತಿರುಳು ಇದೇ. ಇದಕ್ಕೆ ತರ್ಕಕ್ಕಿಂತ ಇತಿಹಾಸವೇ ಒಳ್ಳೆಯ ಉತ್ತರ ಕೊಡುತ್ತದೆ. ಮೂರು ಪ್ರಸಂಗಗಳನ್ನು ಹೇಳುತ್ತೇನೆ.

ಮೊದಲನೆಯದು 1913ರ ಮಾರ್ಚ್ 3ರದು. ಮತದಾನದ ಹಕ್ಕು ಕೇಳಲು ಸಾವಿರಾರು ಮಹಿಳೆಯರು ವಾಷಿಂಗ್ಟನ್ ನಗರದಲ್ಲಿ ಮೆರವಣಿಗೆ ಹೊರಟರು. ಷಿಕಾಗೋದಿಂದ ಬಂದಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಕಪ್ಪು ಮಹಿಳೆ. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ಕ್ರೌರ್ಯದ ವಿರುದ್ಧ ಪ್ರಾಣವನ್ನು ಪಣಕ್ಕಿಟ್ಟು ಬರೆದವರು. ಅವರಿಗೆ ಅವರ ರಾಜ್ಯದ ತಂಡದೊಂದಿಗೆ ನಡೆಯಬೇಡಿ, ಮೆರವಣಿಗೆಯ ಹಿಂಭಾಗದಲ್ಲಿ ಕಪ್ಪು ಮಹಿಳೆಯರೊಂದಿಗೆ ಬನ್ನಿ ಎಂಬ ಸೂಚನೆ ಬಂತು. ದಕ್ಷಿಣ ರಾಜ್ಯಗಳ ಬಿಳಿಯ ಮಹಿಳೆಯರಿಗೆ ಬೇಸರವಾಗಬಾರದಲ್ಲ! ವೆಲ್ಸ್ ಒಪ್ಪಲಿಲ್ಲ. ರಸ್ತೆಯ ಬದಿಯಲ್ಲಿ ಜನರ ನಡುವೆ ಕಾದಿದ್ದು, ಇಲಿನಾಯ್ ತಂಡ ಬಂದಾಗ ಒಳನುಗ್ಗಿ ಸಾಲಿನಲ್ಲಿ ನಡೆದರು.

ಎರಡನೆಯದು 1963ರ ಆಗಸ್ಟ್ 28ರದು. ನಾನು ನಿಮಗೆ ಎಷ್ಟೋ ಸಲ ವರ್ಣಿಸಿ ಹೇಳಿದ, ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ ಆ ಮಹಾಸಭೆ. ಆಗ ಕೌನ್ಸಿಲ್ಲಿನ ಅಧ್ಯಕ್ಷೆ ಡೊರೊಥಿ ಹೈಟ್. ಚಳವಳಿಯ ಮುಂದಾಳುಗಳ ಸಭೆಗಳಲ್ಲಿ ಗಂಡಸರ ಜೊತೆ ಸಮಸಮಕ್ಕೆ ಕುಳಿತು ಯೋಜನೆ ಹಾಕಿದವರು. ಸ್ವತಃ ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು ಓದು ಮುಂದುವರಿಸಿದ ವಾಗ್ಮಿ. ಮುಖ್ಯ ಭಾಷಣಕಾರರಲ್ಲಿ ಒಬ್ಬ ಮಹಿಳೆಯಾದರೂ ಇರಲಿ ಎಂದು ಅವರೂ ಇತರ ಮಹಿಳೆಯರೂ ಕೇಳಿಕೊಂಡರು. ಬಂದ ಉತ್ತರವೇನೆಂದರೆ, ಭಾಗವಹಿಸುವ ಎಲ್ಲ ಸಂಸ್ಥೆಗಳಲ್ಲೂ, ಚರ್ಚುಗಳಲ್ಲೂ, ಕಾರ್ಮಿಕ ಸಂಘಗಳಲ್ಲೂ ಮಹಿಳೆಯರು ಇದ್ದೇ ಇದ್ದಾರೆ, ಆದ್ದರಿಂದ ಅವರ ಪ್ರಾತಿನಿಧ್ಯ ಈಗಾಗಲೇ ಆಗಿದೆ ಎಂದು. ಮಹಾಲಿಯಾ ಜಾಕ್ಸನ್ ಹಾಡಿದರು, ಡೈಸಿ ಬೇಟ್ಸ್ ಕೆಲವೇ ವಾಕ್ಯಗಳನ್ನು ಹೇಳಿದರು. ಮುಖ್ಯ ಭಾಷಣಗಳೆಲ್ಲ ಗಂಡಸರದೇ. ಹೈಟ್ ವೇದಿಕೆಯ ಮೇಲೆ ಕುಳಿತು ಕೇಳಿದರು.

ಶಿಷ್ಯನೇ, ಈ ಉತ್ತರವನ್ನು ನಿನ್ನ ಮಾತಿನ ಪಕ್ಕದಲ್ಲಿಟ್ಟು ನೋಡು. ‘ಎಲ್ಲರಿಗೂ’ ಎಂದಿದ್ದರೆ ಸಾಕಿತ್ತಲ್ಲ ಎಂದು ನೀನು ಕೇಳಿದೆ. ಎಲ್ಲದರಲ್ಲೂ ಸೇರಿದ್ದಾರಲ್ಲ ಎಂದು ಅವರು ಹೇಳಿದರು. ಆಡಿದವರಲ್ಲಿ ಕೆಟ್ಟ ಮನಸ್ಸಿತ್ತು ಎಂದು ನಾನು ಹೇಳಲಾರೆ. ಆದರೂ ಮಾತನಾಡಬೇಕಾದವರು ಸುಮ್ಮನೆ ಕುಳಿತರು.

ಮೂರನೆಯದು ನ್ಯಾಯಾಲಯದ ಪ್ರಸಂಗ. ಸೇಂಟ್ ಲೂಯಿಸ್ ನಗರದಲ್ಲಿ ಐವರು ಕಪ್ಪು ಮಹಿಳೆಯರು ಜನರಲ್ ಮೋಟರ್ಸ್ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯ ತೀರ್ಪು 1976ರಲ್ಲಿ ಬಂತು. ಕಂಪನಿ ಕೆಲಸಗಾರರನ್ನು ಕಡಿಮೆ ಮಾಡುವಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮ ಅನುಸರಿಸಿತ್ತು. ಕೇಳಲು ನ್ಯಾಯವಾಗಿಯೇ ಇದೆ. ಆದರೆ 1964ಕ್ಕೆ ಮೊದಲು ಅಲ್ಲಿ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಹೀಗಾಗಿ 1970ರ ನಂತರ ಸೇರಿದ ಕಪ್ಪು ಮಹಿಳೆಯರೆಲ್ಲರೂ ಮನೆಗೆ ಹೋಗಬೇಕಾಯಿತು. ನ್ಯಾಯಾಲಯ ಏನೆಂದಿತು? ಹೆಣ್ಣೆಂಬ ಕಾರಣಕ್ಕೆ ಭೇದವೇ? ಇಲ್ಲ, ಕಂಪನಿಯಲ್ಲಿ ಮೊದಲಿನಿಂದಲೂ ಹೆಂಗಸರಿದ್ದಾರೆ. ಅವರು ಬಿಳಿಯರು ಎಂಬುದು ಬೇರೆ ಮಾತು. ಬಣ್ಣದ ಕಾರಣಕ್ಕೆ ಭೇದವೇ? ಅದಕ್ಕೆ ಬೇರೊಂದು ಮೊಕದ್ದಮೆ ನಡೆಯುತ್ತಿದೆ, ಅದರೊಂದಿಗೆ ಸೇರಿಕೊಳ್ಳಿ. ಎರಡನ್ನೂ ಕೂಡಿಸಿ ಒಂದು ಹೊಸ ವರ್ಗವೆಂದು ಕೇಳುವಂತಿಲ್ಲ.

ನಿಮಗೆ ಲೆಕ್ಕದ ರೀತಿಯಲ್ಲಿ ಹೇಳಬೇಕೆಂದರೆ ಹೀಗೆ ಊಹಿಸಿಕೊಳ್ಳಿ. ಕಚೇರಿಯಲ್ಲಿ ಹತ್ತು ಮಂದಿ ಬಿಳಿಯ ಹೆಂಗಸರಿದ್ದಾರೆ, ಕಾರ್ಖಾನೆಯಲ್ಲಿ ಹತ್ತು ಮಂದಿ ಕಪ್ಪು ಗಂಡಸರಿದ್ದಾರೆ. ಹೆಂಗಸರು ಎಷ್ಟು ಎಂದು ತನಿಖೆಗೆ ಬಂದವರು ಕೇಳಿದರೆ ಹತ್ತು. ಕಪ್ಪು ಜನರು ಎಷ್ಟು ಎಂದರೆ ಹತ್ತು. ಎರಡು ಕಾಲಮ್ಮುಗಳೂ ಭರ್ತಿಯಾದವು, ತನಿಖೆಯವರು ಸಹಿ ಹಾಕಿ ಹೊರಟರು. ಕಪ್ಪು ಹೆಂಗಸರ ಸಂಖ್ಯೆ ಸೊನ್ನೆ ಎಂಬುದು ಯಾವ ಕಾಲಮ್ಮಿನಲ್ಲೂ ಕಾಣಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ನಮ್ಮ ಗಾದೆಯಂತೆ. ಕಿಂಬರ್ಲೆ ಕ್ರೆನ್ಷಾ ಎಂಬ ಕಾನೂನು ಪ್ರಾಧ್ಯಾಪಕಿ 1989ರಲ್ಲಿ ಈ ತೀರ್ಪನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಸಿದ್ಧ ಲೇಖನ ಬರೆದರು. ನಾಲ್ಕು ರಸ್ತೆ ಕೂಡುವಲ್ಲಿ ನಿಂತವರಿಗೆ ಯಾವ ಕಡೆಯಿಂದ ಬೇಕಾದರೂ ಗಾಡಿ ಬಂದು ಬಡಿಯಬಹುದು, ಕೆಲವೊಮ್ಮೆ ಎಲ್ಲ ಕಡೆಯಿಂದಲೂ ಬಡಿಯಬಹುದು ಎಂಬುದು ಅವರ ಹೋಲಿಕೆ.

ಆದ್ದರಿಂದಲೇ ಪ್ರತ್ಯೇಕ ಸಂಸ್ಥೆ ಬೇಕಾಯಿತು. ಹಾಗೆಂದು ಅದು ದೂರು ಹೇಳುವುದಕ್ಕೆ ಮಾತ್ರ ಇದ್ದದ್ದಲ್ಲ. 1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಮತದಾರರ ನೋಂದಣಿಗೆ ಹೋದ ಯುವಜನರ ಮೇಲೆ ಹಲ್ಲೆ, ಕೊಲೆಗಳು ನಡೆಯುತ್ತಿದ್ದಾಗ, ಕೌನ್ಸಿಲ್ ಕಪ್ಪು ಮತ್ತು ಬಿಳಿಯ ಮಹಿಳೆಯರ ತಂಡಗಳನ್ನು ಉತ್ತರದ ನಗರಗಳಿಂದ ಅಲ್ಲಿಗೆ ಕಳುಹಿಸಿತು. ಮಂಗಳವಾರ ಜಾಕ್ಸನ್ ನಗರಕ್ಕೆ ಹೋಗುವುದು, ಬುಧವಾರ ಹಳ್ಳಿಯ ಕಡೆ ಶಿಬಿರಗಳನ್ನು ನೋಡಿ ಜನರೊಂದಿಗೆ ಮಾತನಾಡುವುದು, ಗುರುವಾರ ಹಿಂದಿರುಗುವುದು. ಯಾವ ಘೋಷಣೆಯೂ ಇಲ್ಲ, ಬಾವುಟವೂ ಇಲ್ಲ. ಕಪ್ಪು ಮಹಿಳೆಯರ ಸಂಸ್ಥೆಯ ಹೆಸರಿನಲ್ಲಿ ಬಿಳಿಯ ಹೆಂಗಸರು ಬಿಳಿಯ ಹೆಂಗಸರೊಂದಿಗೆ ಕುಳಿತು, ನಿಮ್ಮೂರಿನಲ್ಲಿ ಏನು ನಡೆಯುತ್ತಿದೆ ನೋಡಿ ಎಂದು ಸಮಾಧಾನದಿಂದ ಹೇಳಿದರು.

ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿತು. ಅದೇ ರಾಜ್ಯದ ಸನ್‌ಫ್ಲವರ್ ಜಿಲ್ಲೆಯಲ್ಲಿ ಫ್ಯಾನಿ ಲೂ ಹೇಮರ್ ಎಂಬ ದಿಟ್ಟ ಹೆಣ್ಣುಮಗಳಿದ್ದರು. ಗುತ್ತಿಗೆ ಹೊಲದಲ್ಲಿ ಹತ್ತಿ ಬಿಡಿಸಿ ಬದುಕಿದವರು. ಮತದಾರರ ಪಟ್ಟಿಗೆ ಹೆಸರು ಹಾಕಿಸಲು ಹೋದ ತಪ್ಪಿಗೆ ಇದ್ದ ನೆಲೆ ಕಳೆದುಕೊಂಡವರು, ಸೆರೆಮನೆಯಲ್ಲಿ ಹೊಡೆತ ತಿಂದವರು. ಅವರೊಂದಿಗೆ ಸೇರಿ ಕೌನ್ಸಿಲ್ 1960ರ ದಶಕದ ಕೊನೆಯಲ್ಲಿ ‘ಹಂದಿ ಬ್ಯಾಂಕ್’ ಆರಂಭಿಸಿತು. ಬಡ ಕುಟುಂಬಕ್ಕೆ ಹೆಣ್ಣು ಹಂದಿಯೊಂದನ್ನು ಕೊಡುವುದು; ಅದು ಈದ ಮರಿಗಳಲ್ಲಿ ಕೆಲವನ್ನು ಬ್ಯಾಂಕಿಗೆ ಹಿಂದಿರುಗಿಸುವುದು; ಅವು ಇನ್ನೊಂದು ಮನೆಗೆ. ನಮ್ಮ ಹಳ್ಳಿಗಳಲ್ಲಿ ಕುರಿಮರಿ, ಕರುಗಳನ್ನು ಪಾಲಿಗೆ ಸಾಕಲು ಕೊಡುವ ಪದ್ಧತಿಯನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಮತ ಹಾಕಿದರೆ ಕೂಲಿ ತಪ್ಪಿಸುತ್ತೇನೆಂದು ಜಮೀನುದಾರ ಹೆದರಿಸುವ ಊರಿನಲ್ಲಿ ಸ್ವಂತ ಕೊಟ್ಟಿಗೆಯ ಊಟವೇ ಮತದ ಹಕ್ಕಿಗೆ ಬೆನ್ನೆಲುಬು.

ಇದೆಲ್ಲ ಹಳೆಯ ಕಥೆಯಾಯಿತು, ಈಗೇನು ಎಂದು ನೀವು ಕೇಳಬಹುದು. ಈಗಿನ ಮಾತು ಶಾಲೆಯದು. ಅದು ನನ್ನನ್ನು ಮುಟ್ಟಿದ ಮಾತೂ ಹೌದು.

ಅಧ್ಯಕ್ಷ ಒಬಾಮಾ ಅವರು 2014ರಲ್ಲಿ ಕಪ್ಪು ಹಾಗೂ ಇತರ ವರ್ಣದ ಹುಡುಗರು ಮತ್ತು ಯುವಕರ ಏಳಿಗೆಗಾಗಿ ಒಂದು ಯೋಜನೆ ಪ್ರಕಟಿಸಿದರು. ಒಳ್ಳೆಯ ಯೋಜನೆಯೇ. ಆದರೆ ಹುಡುಗಿಯರು? ಅದೇ ಮನೆ, ಅದೇ ಬೀದಿ, ಅದೇ ಶಾಲೆಯಲ್ಲಿ ಬೆಳೆಯುವ ಅಕ್ಕ ತಂಗಿಯರು ಏನಾದರು? ಸಾವಿರಕ್ಕೂ ಹೆಚ್ಚು ಮಹಿಳೆಯರು ಸಹಿ ಮಾಡಿ ಪತ್ರ ಬರೆದರು. ಇದರ ಮುಂಚೂಣಿಯಲ್ಲಿದ್ದದ್ದು ಕ್ರೆನ್ಷಾ ಅವರು ಸಹಸ್ಥಾಪಕಿಯಾಗಿರುವ ‘ಆಫ್ರಿಕನ್ ಅಮೆರಿಕನ್ ಪಾಲಿಸಿ ಫೋರಂ’. ಇದೂ ಕೌನ್ಸಿಲ್ಲಿನಂತೆಯೇ ಲಾಭಕ್ಕಾಗಿ ಅಲ್ಲದ ಸಂಸ್ಥೆ. ಅದು 2015ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾನೂನು ವಿಭಾಗದೊಂದಿಗೆ ಸೇರಿ ಒಂದು ವರದಿ ಹೊರತಂದಿತು. 2011–12ರ ಸರಕಾರಿ ಅಂಕಿಅಂಶಗಳ ಪ್ರಕಾರ ಶಾಲೆಯಿಂದ ತಾತ್ಕಾಲಿಕವಾಗಿ ಹೊರಹಾಕಲ್ಪಟ್ಟವರಲ್ಲಿ, ಕಪ್ಪು ಹುಡುಗರ ಪ್ರಮಾಣ ಬಿಳಿಯ ಹುಡುಗರ ಪ್ರಮಾಣದ ಮೂರು ಪಟ್ಟು. ಇದು ಎಲ್ಲರಿಗೂ ತಿಳಿದಿದ್ದ ಅನ್ಯಾಯ. ಕಪ್ಪು ಹುಡುಗಿಯರದು ಬಿಳಿಯ ಹುಡುಗಿಯರ ಪ್ರಮಾಣದ ಆರು ಪಟ್ಟು! ನೂರು ಬಿಳಿಯ ಹುಡುಗಿಯರಲ್ಲಿ ಇಬ್ಬರು, ನೂರು ಕಪ್ಪು ಹುಡುಗಿಯರಲ್ಲಿ ಹನ್ನೆರಡು ಮಂದಿ. ಅಂಕಿ ಸರಕಾರದ ಕಡತದಲ್ಲೇ ಇತ್ತು. ಅದನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟು ದೇಶದ ಮುಂದೆ ಹಿಡಿಯಲು ಅವರಿಗಾಗಿಯೇ ನಿಂತ ಒಂದು ಸಂಸ್ಥೆ ಬೇಕಾಯಿತು.

ಏಕೆ ಹೀಗೆ? ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಕಾರಣವನ್ನು ಬೆರಳಿಟ್ಟು ತೋರಿಸುತ್ತದೆ. 325 ಮಂದಿ ವಯಸ್ಕರನ್ನು ಪ್ರಶ್ನಿಸಿದಾಗ, ಕಪ್ಪು ಹುಡುಗಿಯರು ಅದೇ ವಯಸ್ಸಿನ ಬಿಳಿಯ ಹುಡುಗಿಯರಿಗಿಂತ ದೊಡ್ಡವರು, ಅವರಿಗೆ ಅಷ್ಟು ಪೋಷಣೆ ಬೇಡ, ಅಷ್ಟು ರಕ್ಷಣೆ ಬೇಡ, ಅಷ್ಟು ಸಮಾಧಾನ ಹೇಳಬೇಕಾಗಿಲ್ಲ ಎಂಬ ಭಾವನೆ ಕಂಡುಬಂತು. ಐದು ವರ್ಷದ ಮಕ್ಕಳಿಂದಲೇ ಇದು ಆರಂಭವಾಗುತ್ತದೆ. ಐದು ವರ್ಷ ಎಂದರೆ ನಮ್ಮಲ್ಲಿ ಇನ್ನೂ ಅಂಗನವಾಡಿಯ ವಯಸ್ಸು. ಮಗುವನ್ನು ಮಗುವೆಂದು ಕಾಣದ ಮೇಲೆ ಅದರ ಅಳು ಹಟವಾಗಿ ಕಾಣುತ್ತದೆ, ಪ್ರಶ್ನೆ ಉದ್ಧಟತನವಾಗಿ ಕಾಣುತ್ತದೆ.

ಇದನ್ನು ಓದಿದಾಗ ನನ್ನ ಎದೆಯಲ್ಲಿ ಒಂದು ಮುಳ್ಳು ಅಲುಗಿದಂತಾಯಿತು. ನಾನು ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಎತ್ತರದ ಮೈಕಟ್ಟು. ಎಲ್ಲರೂ ಅವಳನ್ನು ದೊಡ್ಡ ಹುಡುಗಿ ಎಂದೇ ಕರೆಯುತ್ತಿದ್ದರು. ಒಂದು ದಿನ ಯಾರೋ ಅವಳ ಕಂಪಾಸ್ ಪೆಟ್ಟಿಗೆ ಬಚ್ಚಿಟ್ಟರೆಂದು ತರಗತಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. “ಇಷ್ಟು ದೊಡ್ಡವಳಾಗಿ ಒಂದು ಡಬ್ಬಿಗೆ ಅಳುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?” ಎಂದು ಗದರಿಸಿ ಹೊರಗೆ ನಿಲ್ಲಿಸಿದೆ. ತರಗತಿಯೆಲ್ಲ ನಕ್ಕಿತು. ಮರುವರ್ಷ ಅವಳ ವರ್ಗಾವಣೆ ಪತ್ರ ಬರೆಯಲು ದಾಖಲಾತಿ ಪುಸ್ತಕ ತೆರೆದಾಗ ಜನ್ಮ ದಿನಾಂಕ ಕಣ್ಣಿಗೆ ಬಿತ್ತು. ಆ ತರಗತಿಯ ಅತ್ಯಂತ ಚಿಕ್ಕ ಮೂವರಲ್ಲಿ ಅವಳೊಬ್ಬಳು. ಪತ್ರಕ್ಕೆ ಸಹಿ ಮಾಡಿಸಿ ಅವಳ ತಂದೆಯ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ಅವಳನ್ನು ಮತ್ತೆ ನೋಡಲಿಲ್ಲ.

ಅವಳ ಕಥೆಯನ್ನು ಅಮೆರಿಕದ ಆ ಮಕ್ಕಳ ಕಥೆಗೆ ಸಮನೆಂದು ನಾನು ಹೇಳುವುದಿಲ್ಲ. ಅಲ್ಲಿ ಬಣ್ಣದ ಹೆಸರಿನಲ್ಲಿ ನೂರಾರು ವರ್ಷಗಳ ಗುಲಾಮಗಿರಿಯ ಭಾರವಿದೆ. ಶಾಲೆಯ ಆವರಣದಲ್ಲೇ ಪೊಲೀಸರಿರುತ್ತಾರೆ. 2015ರ ಅಕ್ಟೋಬರಿನಲ್ಲಿ ಬೆಥೂನ್ ಹುಟ್ಟಿದ ದಕ್ಷಿಣ ಕೆರೊಲಿನಾ ರಾಜ್ಯದಲ್ಲೇ, ತರಗತಿಯಲ್ಲಿ ಹೇಳಿದ ಮಾತು ಕೇಳಲಿಲ್ಲವೆಂದು ಕಪ್ಪು ಹುಡುಗಿಯೊಬ್ಬಳನ್ನು ಪೊಲೀಸ್ ಅಧಿಕಾರಿ ಕುರ್ಚಿ ಸಹಿತ ಉರುಳಿಸಿ ಎಳೆದೆಸೆದ ದೃಶ್ಯವನ್ನು ಲೋಕವೇ ನೋಡಿತು. ನನ್ನ ಗದರಿಕೆ ಎಲ್ಲಿ, ಅದೆಲ್ಲಿ. ಆದರೆ ಶಿಕ್ಷಕನ ಕಣ್ಣು ಹೇಗೆ ತಪ್ಪುತ್ತದೆ ಎಂಬುದನ್ನು ನಾನು ಒಳಗಿನಿಂದ ಬಲ್ಲೆ. ತಪ್ಪುವಾಗ ಅದು ಶಿಸ್ತು ಕಾಯುತ್ತಿದ್ದೇನೆ ಎಂದೇ ನಂಬಿರುತ್ತದೆ.

ಕೂದಲಿನ ವಿಷಯವೂ ಹೀಗೆಯೇ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳು ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಮಡಚಿ ರಿಬ್ಬನ್ ಕಟ್ಟಿಕೊಂಡು ಬರಬೇಕೆಂಬ ನಿಯಮ ನಿಮಗೆ ನೆನಪಿರಬೇಕು. ನಮ್ಮ ಮಕ್ಕಳ ಕೂದಲಿಗೆ ಆ ನಿಯಮ ಹೊಂದುತ್ತಿತ್ತು. ಅಮೆರಿಕದ ಎಷ್ಟೋ ಶಾಲೆಗಳ ನಿಯಮ ಬಿಳಿಯರ ಕೂದಲನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ದಟ್ಟ ಗುಂಗುರು ಕೂದಲನ್ನು ಹಾಗೆಯೇ ಬಿಟ್ಟರೂ ತಪ್ಪು, ಸಣ್ಣ ಸಣ್ಣ ಜಡೆಗಳಾಗಿ ಹೆಣೆದರೂ ತಪ್ಪು ಎಂದು ಮಕ್ಕಳನ್ನು ಮನೆಗೆ ಕಳುಹಿಸಿದ್ದುಂಟು. ದೇವರು ಕೊಟ್ಟ ಕೂದಲೇ ಅಶಿಸ್ತು ಎಂದಾದರೆ ಆ ಮಗು ಏನು ಮಾಡಬೇಕು? ಇದನ್ನು ತಡೆಯುವ ‘ಕ್ರೌನ್ ಕಾಯ್ದೆ’ 2019ರಲ್ಲಿ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಬಂತು. ಆ ಬಳಿಕ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅಂಥ ಕಾನೂನು ಮಾಡಿವೆ.

ಪ್ರತ್ಯೇಕ ಸಂಸ್ಥೆಗಳ ಬಗ್ಗೆ ಇರುವ ಆಕ್ಷೇಪಗಳನ್ನು ನಾನು ತಳ್ಳಿಹಾಕುವುದಿಲ್ಲ. ಹೀಗೆ ಒಡೆಯುತ್ತ ಹೋದರೆ ಕೊನೆಯೆಲ್ಲಿ ಎಂಬ ಭಯ ನ್ಯಾಯವಾದದ್ದೇ. ಓದಿದ, ಅನುಕೂಲಸ್ಥ ಮಹಿಳೆಯರೇ ಮುಂದಾಳುಗಳಾಗಿ, ಹೇಮರ್ ಅವರಂಥ ಕೂಲಿ ಹೆಂಗಸರ ದನಿ ಹಿಂದುಳಿಯುವ ಅಪಾಯವೂ ಉಂಟು. ಇಂಥ ಸಂಸ್ಥೆಗಳನ್ನು ಅಳೆಯಲು ನನಗೆ ತೋಚುವ ಅಳತೆಗೋಲು ಒಂದೇ: ತನ್ನವರಿಗಾಗಿ ಎದ್ದು ನಿಂತದ್ದು ಇತರರ ಮೇಲೆ ಬಾಗಿಲು ಹಾಕಿತೇ, ಅಥವಾ ತೆರೆಯಿತೇ? ಬೆಥೂನ್‌ರ ಶಾಲೆ ಮುಂದೆ ಗಂಡುಮಕ್ಕಳನ್ನೂ ಸೇರಿಸಿಕೊಂಡಿತು. ಮಿಸಿಸಿಪ್ಪಿಗೆ ಹೋದ ತಂಡಗಳಲ್ಲಿ ಬಿಳಿಯ ಮಹಿಳೆಯರಿದ್ದರು. ಹಂದಿ ಮರಿ ಹೋದ ಮನೆಯಲ್ಲಿ ಗಂಡ, ಗಂಡುಮಕ್ಕಳು ಎಲ್ಲರೂ ಉಂಡರು. ಕೂದಲಿನ ಕಾನೂನು ಹುಡುಗರಿಗೂ ರಕ್ಷಣೆ ಕೊಡುತ್ತದೆ. ಇದರಲ್ಲಿ ಬೇಲಿ ನನಗೆ ಕಾಣುತ್ತಿಲ್ಲ.

ನಮಗೂ ಅವರಿಗೂ ಏನು ಸಂಬಂಧ ಎನ್ನುವವರಿಗೆ ಎರಡು ಮಾತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1940ರ ದಶಕದ ಆರಂಭದಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ, ಬಿಳಿಯರ ಡಬ್ಬಿಯಿಂದ ಏಳುವಂತೆ ಟಿಕೆಟ್ ತಪಾಸಣೆಯವನು ಹೇಳಿದ. ಅವರು ಭಾರತದವರೆಂದು ತಿಳಿದರೆ ಅವನು ಬಿಟ್ಟುಬಿಡುತ್ತಿದ್ದನೇನೋ. ಕಮಲಾದೇವಿ ಆ ರಿಯಾಯಿತಿಯನ್ನು ಬಯಸಲಿಲ್ಲ. ತಾನೂ ವರ್ಣೀಯ ಮಹಿಳೆಯೇ, ಏಳುವುದಿಲ್ಲ ಎಂದು ಕುಳಿತೇ ಇದ್ದರು. ಇತ್ತ ಡೊರೊಥಿ ಹೈಟ್ 1952ರಲ್ಲಿ ದೆಹಲಿಗೆ ಬಂದು ಸಮಾಜಕಾರ್ಯ ಶಾಲೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾಗಿ ನಮ್ಮ ಮಕ್ಕಳಿಗೆ ಪಾಠ ಹೇಳಿದರು. ಇದೇ ಹೈಟ್‌ರಿಗೆ 1929ರಲ್ಲಿ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜು ಪ್ರವೇಶ ಕೊಟ್ಟು, ಸೇರಲು ಹೋದಾಗ ವರ್ಷಕ್ಕೆ ಇಬ್ಬರೇ ಕಪ್ಪು ವಿದ್ಯಾರ್ಥಿನಿಯರು, ಆ ಸ್ಥಾನ ತುಂಬಿದೆ ಎಂದು ಹಿಂದೆ ಕಳುಹಿಸಿತ್ತು.

ಎರಡನೆಯ ಮಾತು ಅಮೆರಿಕದಲ್ಲಿರುವ ನನ್ನ ಶಿಷ್ಯರೆಲ್ಲರಿಗೂ. 1946ರ ಕಾನೂನಿನ ಪ್ರಕಾರ ಭಾರತದಿಂದ ವರ್ಷಕ್ಕೆ ನೂರು ಮಂದಿ ಮಾತ್ರ ಅಲ್ಲಿ ನೆಲೆಸಲು ಹೋಗಬಹುದಿತ್ತು. ಹುಟ್ಟಿದ ದೇಶದ ಮೇಲೆ ನಿಂತಿದ್ದ ಆ ಲೆಕ್ಕಾಚಾರವನ್ನು ಕಿತ್ತುಹಾಕಿದ್ದು 1965ರ ವಲಸೆ ಕಾಯ್ದೆ. ಕಪ್ಪು ಜನರ ಹೋರಾಟ ಆ ದೇಶದ ಮನಸ್ಸಾಕ್ಷಿಯನ್ನು ಅಲುಗಾಡಿಸಿದ ವರ್ಷಗಳಲ್ಲೇ ಅದು ಬಂತು. ನೀವು ಹಾದುಹೋದ ಬಾಗಿಲಿನ ಅಗುಳಿ ತೆಗೆದ ಕೈಗಳಲ್ಲಿ ಮೆರವಣಿಗೆಗೆ ಅನ್ನ ಬೇಯಿಸಿದ, ಸೆರೆಮನೆಗೆ ಹೋದ, ವೇದಿಕೆಯ ಮೇಲೆ ಮಾತಿಲ್ಲದೆ ಕುಳಿತ ಆ ಹೆಣ್ಣುಮಕ್ಕಳ ಕೈಗಳೂ ಇದ್ದವು.

ಕೆಲವು ವರ್ಷಗಳ ಹಿಂದೆ ಮಗನೊಂದಿಗೆ ವಾಷಿಂಗ್ಟನ್ನಿನ ಲಿಂಕನ್ ಪಾರ್ಕಿಗೆ ಹೋಗಿದ್ದೆ. ಅಲ್ಲಿ 1876ರ ಒಂದು ಪ್ರತಿಮೆಯಿದೆ. ಲಿಂಕನ್ ನಿಂತಿದ್ದಾರೆ, ಬಿಡುಗಡೆಗೊಂಡ ಗುಲಾಮನೊಬ್ಬ ಮೊಣಕಾಲೂರಿದ್ದಾನೆ. ಅದಕ್ಕೆ ಹಣ ಕೊಟ್ಟವರು ಬಿಡುಗಡೆಯಾದ ಕಪ್ಪು ಜನರೇ. ಮೊದಲ ಐದು ಡಾಲರ್ ಕೊಟ್ಟದ್ದು ಷಾರ್ಲಟ್ ಸ್ಕಾಟ್ ಎಂಬ ಹೆಣ್ಣುಮಗಳು. ಪ್ರತಿಮೆಯಲ್ಲಿ ಮಾತ್ರ ಹೆಣ್ಣಿಲ್ಲ. ಅದರೆದುರು ದೂರದಲ್ಲಿ, ಕೌನ್ಸಿಲ್ ಹಣ ಕೂಡಿಸಿ 1974ರಲ್ಲಿ ನಿಲ್ಲಿಸಿದ ಬೆಥೂನ್‌ರ ಪ್ರತಿಮೆ. ಅವರ ಮುಂದೆ ಒಬ್ಬ ಹುಡುಗ, ಒಬ್ಬ ಹುಡುಗಿ. ಆ ವರ್ಷ ಲಿಂಕನ್ನನ ಪ್ರತಿಮೆಯನ್ನು ತಿರುಗಿಸಿ ಬೆಥೂನ್‌ರ ಕಡೆಗೆ ಮುಖ ಮಾಡಿ ನಿಲ್ಲಿಸಿದರಂತೆ. ಅಂದು ನನಗೆ ಇದಾವುದೂ ತಿಳಿದಿರಲಿಲ್ಲ. ಲಿಂಕನ್ನನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಬೆಥೂನ್‌ರಿಗೆ ಬೆನ್ನು ಹಾಕಿಯೇ ಬಂದಿದ್ದೆ.

ಆದ್ದರಿಂದ ಶಿಷ್ಯನೇ, ಎಲ್ಲರೂ ಸಮಾನರು ಎಂದು ನಾನು ಕಲಿಸಿದ್ದು ತಪ್ಪಲ್ಲ. ಅರ್ಧ ಕಲಿಸಿ ಬಿಟ್ಟಿದ್ದು ತಪ್ಪು. ಎಲ್ಲರೂ ಎಂದ ಮೇಲೆ ಹಾಜರಿ ಕರೆಯಬೇಕು, ಯಾರ ಹೆಸರು ಬಿಟ್ಟುಹೋಗಿದೆ ಎಂದು ನೋಡಬೇಕು. ಬಿಟ್ಟುಹೋದವರು ತಾವೇ ಎದ್ದು “ಸರ್, ನನ್ನ ಹೆಸರು ಕರೆಯಲಿಲ್ಲ” ಎಂದರೆ ಅದನ್ನು ಭೇದ ಎನ್ನಬಾರದು. ಮುಂದಿನ ಸಲ ಆ ಮಹಿಳೆಯರು ಶಾಲೆಗೆ ಬಂದಾಗ ನಿನ್ನ ಕೈಲಾದಷ್ಟು ಕೊಡು. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗು, ಅವರು ಹೇಳುವುದನ್ನು ಅವಳೂ ಕೇಳಲಿ. ನನ್ನ ಪಾಲಿನದಾಗಿ ನೂರು ಡಾಲರ್ ಸೇರಿಸಿ ಕೊಟ್ಟಿರು. ಸಂಕ್ರಾಂತಿಗೆ ಊರಿಗೆ ಬಂದಾಗ ನನ್ನಿಂದ ರೂಪಾಯಿಯಲ್ಲಿ ತಪ್ಪದೆ ವಸೂಲಿ ಮಾಡಿಕೊ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ನಿಮಗೊಂದು ಕೋರಿಕೆ. ನಾಳೆ ತರಗತಿಗೆ ಹೋದಾಗ, ‘ದೊಡ್ಡ ಹುಡುಗಿ’ ಎಂದು ನೀವು ಅಂದುಕೊಂಡಿರುವ ಆ ಮಗುವಿನ ಜನ್ಮ ದಿನಾಂಕವನ್ನು ದಾಖಲಾತಿ ಪುಸ್ತಕದಲ್ಲಿ ಒಮ್ಮೆ ನೋಡಿ. ನಾನು ಒಂದು ವರ್ಷ ತಡವಾಗಿ ನೋಡಿದೆ.